ದೋಣಿ ಹಳೇ ನದಿಯಲ್ಲೇ ಉಳಿಯಿತು

ಕನ್ನಡಕದ ಅಂಗಡಿಯವನ ಜೊತೆ ಅವನ ಅಕ್ಕ ಮಾತು ಬಿಟ್ಟಿದ್ದಳು. ಕಾರಣ ದೊಡ್ಡದೇನಲ್ಲ. ಅವಳ ಕಣ್ಣು ಪರೀಕ್ಷೆ ಮಾಡಿದ ತಮ್ಮ, ನಂಬರ್ ಜಾಸ್ತಿಯಾಗಿದೆ, ಹೊಸ ಕನ್ನಡಕ ಬೇಕು ಎಂದಿದ್ದ. ನನ್ನ ಕಣ್ಣಿಗೇನಾಗಿದೆ, ನಿನ್ನ ಮೆಷಿನ್ನೇ ಕೆಟ್ಟಿದೆ ಎಂದಳು ಅವಳು. ಕುಣಿಯಲಾರದವಳಿಗೆ ನೆಲ ಡೊಂಕಂತೆ ಎಂದು ಇವನ ಬಾಯಿಂದ ಜಾರಿಬಿಟ್ಟಿತು, ಅದೂ ಗಿರಾಕಿಗಳ ಎದುರಿಗೆ. ಅಲ್ಲಿಗೆ ಮುಗಿಯಿತು. ಅಕ್ಕ ಮಹಡಿಯ ಮೇಲೆ, ತಮ್ಮ ಕೆಳಗೆ ಅಂಗಡಿಯಲ್ಲಿ. ಮೆಟ್ಟಿಲು ಹತ್ತಿ ಇಳಿದು ಸುದ್ದಿ ಸಾಗಿಸುವ ಕೆಲಸ ಅವನ ಹೆಂಡತಿಯ ಪಾಲಿಗೆ ಬಂತು.

ಆದರೆ ಈ ಮನೆಯ ಜಗಳಕ್ಕೊಂದು ಕಟ್ಟಳೆಯಿತ್ತು. ಮನೆಯಲ್ಲಿ ಎಷ್ಟೇ ಮುಖ ತಿರುಗಿಸಿಕೊಂಡು ಓಡಾಡಲಿ, ಸಂಜೆ ಆಟದೊಳಗೆ ಹೋದ ಮೇಲೆ ಮಾತಾಡಲೇಬೇಕು. ಆಟವೆಂದರೆ ಹತ್ತಾರು ಜನ ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕೂತು, ಒಂದೇ ನದಿಯ ಎರಡು ದಡದಲ್ಲಿ ಊರು ಕಟ್ಟಿಕೊಂಡು ಬಾಳುವ ಆಟ. ಅದನ್ನು ನಡೆಸುವ ಸರ್ವರ್ ಇದ್ದದ್ದು ಇವನ ಅಂಗಡಿಯ ಮೇಜಿನ ಕೆಳಗೆ, ಒಂದು ಹಳೇ ಕಂಪ್ಯೂಟರಿನಲ್ಲಿ. ಇವನೇ ಓದಿ, ಕೆಡಿಸಿ, ಕಲಿತು ಅದನ್ನು ಕಟ್ಟಿ ನಿಲ್ಲಿಸಿದ್ದ. ನದಿ ದಾಟಿಸುವ ದೋಣಿ ಮಾತ್ರ ಅಕ್ಕನದು. ಬೇರೆ ಯಾರೂ ಹುಟ್ಟು ಮುಟ್ಟುವ ಹಾಗಿಲ್ಲ. ಹಿಂದಿನ ಎಷ್ಟೋ ಜಗಳಗಳು ಆ ದೋಣಿಯಲ್ಲಿ ಕೂತು ಟೈಪ್ ಮಾಡುತ್ತ ಮಾಡುತ್ತಲೇ ಕರಗಿಹೋಗಿದ್ದವು.

ಇಂಥ ಹೊತ್ತಿನಲ್ಲಿ ಈ ಪುಣ್ಯಾತ್ಮ ಸರ್ವರ್ ಸ್ಥಳಾಂತರಿಸಿದ. ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಯಂತ್ರ ಶುರುವಾದರೆ ಸಾಕು, ಕರೆಂಟು ಸಾಲದೆ ಆಟದ ಊರಿಗೆ ಊರೇ ತೂಕಡಿಸುತ್ತಿತ್ತು. ಎಲ್ಲರೂ ಗೊಣಗಿ ಗೊಣಗಿ, ಕೊನೆಗೆ ಒಂದು ಹೋಸ್ಟಿಂಗ್ ಕಂಪನಿಯ ಕಂಪ್ಯೂಟರಿನಲ್ಲಿ ಜಾಗ ಬಾಡಿಗೆಗೆ ಹಿಡಿದದ್ದಾಯಿತು. ಮೊದಲ ದಿನ ಒಬ್ಬರಿಗೂ ಒಳಗೆ ಬರಲಾಗಲಿಲ್ಲ. ಗೃಹಪ್ರವೇಶಕ್ಕೆ ಕರೆದು ಬೀಗ ಹಾಕಿಕೊಂಡು ಕೂತಿದ್ದೀಯಲ್ಲ ಎಂದು ಆಟದ ಜೊತೆಗಾರನಾದ ಬೇಕರಿಯವನು ಫೋನು ಮಾಡಿ ರೇಗಿಸಿದ. ಹೊಸ ಸರ್ವರಿನಲ್ಲಿ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಸಡಿಲಿಸಲು ಇವನು ಮರೆತಿದ್ದ. ಅದು ಸರಿಹೋಯಿತು, ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಅಕ್ಕ ಒಬ್ಬಳನ್ನು ಬಿಟ್ಟು.

ಹೊಸ ವಿಳಾಸವನ್ನು ಇವನು ಎಲ್ಲರ ಫೋನಿಗೂ ಕಳಿಸಿದ್ದ. ಅಕ್ಕನಿಗೆ ಕಳಿಸಿದರೆ ತಾನೇ ಮೊದಲು ಮಾತಾಡಿದ ಹಾಗಾಗುತ್ತದಲ್ಲ! ಅದಕ್ಕೇ ಉಪಾಯ ಹೂಡಿ, ಹಳೇ ಸರ್ವರ್ ಬಂದ್ ಮಾಡದೆ ಹಾಗೇ ಇಟ್ಟು, ಅದರೊಳಗೆ ಬಂದವರಿಗೆ ಕಾಣುವಂತೆ ಪ್ರಕಟಣೆಯೊಂದನ್ನು ಹಾಕಿದ್ದ: ನಾವು ಜಾಗ ಬದಲಾಯಿಸಿದ್ದೇವೆ, ಈ ವಿಳಾಸಕ್ಕೆ ಬನ್ನಿ. ಓದಿಯೂ ಬರಲಿಲ್ಲವೆಂದರೆ ಏನರ್ಥ? ಈ ಸಲ ಅಕ್ಕ ಕಟ್ಟಳೆಯನ್ನೇ ಮುರಿದಳು ಎಂದರ್ಥ. ಹೊಸ ನದಿಯ ದಡದಲ್ಲಿ ಜನ ದೋಣಿಗಾಗಿ ಕಾದು ನಿಂತು, ದೋಣಿಯಕ್ಕ ಎಲ್ಲಪ್ಪಾ ಎಂದು ಕೇಳಿದಾಗಲೆಲ್ಲ ಇವನು ನಾಳೆ ಬರುತ್ತಾಳೆ ಎಂದು ಬರೆದು ಜಾರಿಕೊಳ್ಳುತ್ತಿದ್ದ.

ಒಂದು ವಾರ ಹೋಸ್ಟಿಂಗಿನವರ ಜೀವ ಹಿಂಡಿದ. ನಮ್ಮ ಮಹಡಿಯಿಂದ ಬರುವವರನ್ನು ನೀವೇ ತಡೆಯುತ್ತಿದ್ದೀರಿ ಎಂದು ವಾದಿಸಿದ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲ ನೋಡಿ ಹೇಳಿದಳು, "ಸರ್, ನಿಮ್ಮ ಮನೆಯಿಂದ ನಿಮ್ಮನ್ನ ಬಿಟ್ರೆ ಬೇರೆ ಯಾರೂ ಬರೋಕೆ ಪ್ರಯತ್ನಾನೇ ಮಾಡಿಲ್ಲ."

ಬಾಗಿಲು ತಟ್ಟಿಯೂ ಇಲ್ಲ! ಸೋತ ಮುಖ ಹೊತ್ತು ಮಧ್ಯಾಹ್ನದ ಊಟಕ್ಕೆ ಕೂತ. ಅಕ್ಕ ಆಟವನ್ನೇ ಬಿಟ್ಟಳು ಎಂದ. ಹೆಂಡತಿ ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಯಾರು ಹೇಳಿದ್ದು ನಿಮಗೆ? ಅತ್ತಿಗೆ ದಿನಾ ಸಂಜೆ ಆಡ್ತಾರೆ. ನೀವೇ ಬರಲ್ವಂತೆ. ಊರವರೆಲ್ಲರನ್ನೂ ಕಟ್ಟಿಕೊಂಡು ನನ್ನ ತಮ್ಮ ನನ್ನೊಬ್ಬಳನ್ನೇ ಬಿಟ್ಟ ಅಂತ ಗೋಳಾಡ್ತಿದ್ರು."

"ಎಲ್ಲಿ ಆಡ್ತಾಳೆ?"

"ಇನ್ನೆಲ್ಲಿ, ನಿಮ್ಮ ಮೇಜಿನ ಕೆಳಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ."

ಸಂಜೆಯಾಗುವುದನ್ನೇ ಕಾದು ಇವನು ಹಳೇ ಸರ್ವರಿನೊಳಗೆ ಹೋದ. ಮೊದಲು ಕಂಡದ್ದು ತನ್ನದೇ ಪ್ರಕಟಣೆ. ಪರದೆಯ ಕೆಳ ಮೂಲೆಯಲ್ಲಿ, ಬೂದು ಬಣ್ಣದಲ್ಲಿ, ಇರುವೆ ಸಾಲಿನ ಹಾಗಿತ್ತು. ಅಂಗಡಿಯ ಗೋಡೆಗೆ ತೂಗುಹಾಕಿದ ಅಕ್ಷರದ ಹಲಗೆಯ ಕೊನೆಯ ಸಾಲೇ ಅದಕ್ಕಿಂತ ದಪ್ಪ. ಇವನೂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಓದಬೇಕಾಯಿತು.

ಆಮೇಲೆ ಕಂಡದ್ದು ಗೋಡೆ. ಆಟದಲ್ಲಿ ತನಗಿದ್ದ ಪುಟ್ಟ ಮನೆಯ ಬಾಗಿಲಿಗೆ ಅಡ್ಡಲಾಗಿ ಯಾರೋ ಕಲ್ಲಿಟ್ಟಿದ್ದರು. ತಾನು ಬಾರದ ಪ್ರತಿ ಸಂಜೆಗೂ ಒಂದೊಂದು ಸಾಲಿನಂತೆ ಅದು ಎದೆಮಟ್ಟಕ್ಕೆ ಏರಿತ್ತು. ಗೋಡೆಯ ಆಚೆ, ಖಾಲಿ ನದಿಯಲ್ಲಿ, ದೋಣಿಯೊಳಗೆ ಅಕ್ಕ ಒಬ್ಬಳೇ ಕೂತಿದ್ದಳು.

ಇವನು ಟೈಪ್ ಮಾಡಿದ. ಆಟದೊಳಗೆ ಮಾತಿನ ಅಕ್ಷರಗಳು ದೊಡ್ಡವು. ಅವಳು ಅವನ್ನು ಓದಬಲ್ಲಳು.

"ಅಕ್ಕಾ, ಈ ಗೋಡೆ ಯಾಕೆ?"

ದೋಣಿಯಿಂದ ಉತ್ತರ ಬಂತು. "ಬಾರದೇ ಇರೋರಿಗೆ ಬಾಗಿಲು ಯಾಕೆ?"

"ಬಂದಿದೀನಲ್ಲ. ನಾವೆಲ್ಲ ಬೇರೆ ಸರ್ವರಿಗೆ ಹೋಗಿ ವಾರ ಆಯ್ತು. ಕೆಳಗಡೆ ಮೂಲೇಲಿ ಬರೆದಿದೀನಿ, ನೋಡು."

ಮಹಡಿಯ ಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಪರದೆಗೆ ಮೂಗು ತಾಗಿಸುತ್ತಿದ್ದಾಳೆಂದು ಇವನು ಊಹಿಸಿದ. ನಂಬರಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಬೆರಳ ತುದಿಗೆ ಇಳಿಯಲಿಲ್ಲ.

"ಅದು ಅಕ್ಷರವೇನೋ? ನಾನು ಪರದೆಗೆ ಧೂಳು ಕೂತಿದೆ ಅಂದ್ಕೊಂಡು ದಿನಾ ಒರೆಸ್ತಿದೀನಿ."

ಇವನಿಗೆ ನಗು ತಡೆಯಲಾಗಲಿಲ್ಲ. ಮೇಲಿನಿಂದಲೂ ಒಂದು ನಗು, ಬೇಡ ಬೇಡವೆಂದರೂ ಹೊರಬಿದ್ದದ್ದು, ಮೆಟ್ಟಿಲಿಳಿದು ಬಂತು.

"ತಪ್ಪು ನಂದೇ ಅಕ್ಕಾ. ಕಣ್ಣಿನ ವ್ಯಾಪಾರ ಮಾಡೋನು ಅಷ್ಟು ಸಣ್ಣದಾಗಿ ಬರೀಬಾರದಿತ್ತು. ಅವತ್ತು ಗಿರಾಕಿಗಳ ಮುಂದೆ ಹಾಗೆ ಅನ್ನಲೂಬಾರದಿತ್ತು. ಹೊಸ ಕಡೆ ಬಾ, ಜನ ದಡದಲ್ಲಿ ನಿಂತು ನಿಂತು ಬೇರು ಬಿಟ್ಟಿದಾರೆ. ಅಲ್ಲಿ ಈ ಗೋಡೆ ಇಲ್ಲ."

"ಇಲ್ವಾ? ಮತ್ತೆ ಮೊದಲಿಂದ ಕಟ್ಟಬೇಕಾ?"

ದೋಣಿ ನಿಧಾನವಾಗಿ ಇವನ ದಡಕ್ಕೆ ಬಂದು ತಾಗಿತು. ಅಕ್ಕ ಇಳಿದು ಮೇಲಿನ ಒಂದು ಕಲ್ಲು ತೆಗೆದಳು. ಒಂದೇ ಒಂದು.

"ಮೇಲೆ ಬಂದು ಆ ವಿಳಾಸ ಅದೇನೋ ಹಾಕ್ಕೊಡು," ಎಂದು ಬರೆದಳು. ಇವನು ಏಳುವಷ್ಟರಲ್ಲಿ ಇನ್ನೊಂದು ಸಾಲು ಮೂಡಿತು. "ಬರಿಗೈಲಿ ಬರಬೇಡ. ಫ್ರೇಮಿನ ಪೆಟ್ಟಿಗೆ ತಗೊಂಡು ಬಾ. ನಂಬರ್ ನೀನು ಹೇಳಿದ್ದೇ ಇರಲಿ, ಫ್ರೇಮ್ ನಾನೇ ಆರಿಸ್ತೀನಿ."