ಭಾಗಮ್ಮನ ಹೆಸರಿನ ಗಂಟು

ಗೋಣಿಯ ಹೊಲಿಗೆ ಬಿಚ್ಚುವ ಸದ್ದು ತನಗೂ ಇಷ್ಟ. ಇದನ್ನು ನೀಲಾಂಬಿಕಾ ಯಾರಿಗೂ ಹೇಳಿದವಳಲ್ಲ. ಒಮ್ಮೆ ಡೈರಿಯಲ್ಲಿ ಬರೆದು, ಗೀಟು ಹೊಡೆದು, ಗೀಟಿನ ಅಡಿಯಲ್ಲೂ ಓದಲು ಬರುತ್ತದಲ್ಲ ಎಂದು ಹಾಳೆಯನ್ನೇ ಹರಿದು ಒಲೆಗೆ ಹಾಕಿದ್ದಳು. ಅಪ್ಪ ದಾರದ ತುದಿ ಹಿಡಿದು ಎಳೆದಾಗ ಹೊಲಿಗೆ ಸರಸರ ಬಿಚ್ಚಿಕೊಳ್ಳುತ್ತಿತ್ತು. ಆಗ ಒಳಗೇನಿದೆಯೋ ಎಂದು ಅವಳ ಕತ್ತೂ ಮುಂದಕ್ಕೆ ಬಾಗುತ್ತಿತ್ತು. ಆಮೇಲೆ ಅಂಜಿಕೆ. ಅಪ್ಪನ ಈ ಚಟ ತನಗೂ ಅಂಟಿದೆಯೇ?

ಇವತ್ತು ಗಂಟು ಬಂದಾಗ ಮಾತ್ರ ಅವಳ ಕತ್ತು ಬಾಗಲಿಲ್ಲ. ಬಾಗಿಲಲ್ಲಿ ಅಪ್ಪನ ಅಕ್ಕ ಮಹಾದೇವಮ್ಮತ್ತಿ ನಿಂತಿದ್ದಳು.

"ಭಾಗಮ್ಮನ ಹೆಸರಿಂದು ಗಂಟು ಬಂದದರಿ ಅಮ್ಮಾ. ಎಲ್ಲಿ ಇಳಸ್ಲಿ?" ಕೈಗಾಡಿ ನಿಲ್ಲಿಸಿ ಮಜೀದಸಾಬ ಕೇಳಿದ.

"ನನ್ನ ತೆಲಿ ಮ್ಯಾಲ ಇಳಸು!" ಅತ್ತಿ ಸಿಡುಕಿದಳು.

"ಹಿಡಸಂಗಿಲ್ರಿ. ಭಾಳ ದೊಡ್ಡದದ," ಎಂದು ನಕ್ಕು, ಅವನು ಗಂಟನ್ನು ಪಡಸಾಲೆಗೆ ಉರುಳಿಸಿದ. ಗೋಣಿಯ ಮೇಲೆ ಡಾಂಬರಿನಲ್ಲಿ ಬರೆದ 'ಭಾಗಮ್ಮ' ಮೇಲ್ಮುಖವಾಗಿ ಬಂದು ನಿಂತಿತು.

ವಾಡಿ ಸ್ಟೇಷನ್ನಿನ ಹಿಂದೆ ಒಬ್ಬ ಕಂತ್ರಾಟದಾರನ ಗೋದಾಮಿತ್ತು. ಯಾರೂ ಬಿಡಿಸಿಕೊಳ್ಳಲು ಬಾರದ ಪಾರ್ಸೆಲ್ಲುಗಳು ಅಲ್ಲಿ ಹರಾಜಾಗುತ್ತಿದ್ದವು. ಗಂಟು ಬಿಚ್ಚಿ ತೋರಿಸುವ ಪದ್ಧತಿ ಇರಲಿಲ್ಲ. ಮುಟ್ಟಿ, ಒತ್ತಿ, ಮೂಸಿ ನೋಡಿ ಕೂಗಬೇಕು, ಒಳಗಿನದು ನಸೀಬು. ಹಾಗೆ ಬಂದ ನಸೀಬು ಹೆಡ್‌ಮಾಸ್ತರ ರೇವಣಸಿದ್ದಯ್ಯನವರ ಮನೆಯ ಹಿಂದಿನ ಕೋಣೆಯನ್ನು ತುಂಬಿ ನಡುಮನೆಗೂ ಕಾಲು ಚಾಚಿತ್ತು. ಬಟ್ಟೆಯಿಲ್ಲದ ಕೊಡೆಗಳು, ಬರೀ ಎಡಗಾಲಿನ ಬೂಟುಗಳು, ಯಂತ್ರವೇ ಇಲ್ಲದ ಹೊಲಿಗೆ ಯಂತ್ರದ ಚಕ್ರಗಳು. ಒಂದನ್ನೂ ಅಪ್ಪ ಮಾರುತ್ತಿರಲಿಲ್ಲ, ಬಳಸುತ್ತಿರಲಿಲ್ಲ. ಬಿಚ್ಚಿದ ಮರುದಿನ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮುಂದಿನ ಹರಾಜು ಯಾವಾಗ ಎಂಬುದಷ್ಟೇ ಅವರ ಚಿಂತೆ.

ಅತ್ತಿ ಸೇಡಮದಿಂದ ಬೆಳಗಿನ ಗಾಡಿಗೆ ಬಂದವಳು. ತಮ್ಮನ ಮನೆಯ ಸುದ್ದಿ ಕೇಳಿಯೇ ಬಂದಿದ್ದಳು. ಗಂಟಿನ ಸುತ್ತ ಒಂದು ಸುತ್ತು ಬಂದು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದಳು.

"ಏನ ಭಾಗಮ್ಮ, ಜ್ವಾಳದ ಡಬ್ಬಿ ತಳ ಕೆರದ್ರ ಸಪ್ಪಳ ಬರಾಕತ್ತದ, ನಿನಗ ಹರಾಜಿನ ಸಾಮಾನ ಬೇಕೇನ? ಹರಾಜಬಾಯಿ ಅಂತಾರಂತ ನಿನಗ. ಸೇಡಮದ ತನಕ ಬಂದದ ನಿನ್ನ ಕೀರ್ತಿ! ಕೈಯಾನ ಪಾಟ್ಲಿ ಎಲ್ಲವ?"

ಅವ್ವ ಬರಿಗೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಪಾಟ್ಲಿ ಹೋದ ವರ್ಷವೇ ಶಹಾಬಾದಿನ ಸರಾಫನ ತಿಜೋರಿ ಸೇರಿದ್ದವು. ಒಯ್ದು ಕೊಟ್ಟವರು ಅಪ್ಪ. 'ಮಗಳ ಕಾಲೇಜಿಗೆ' ಎಂದು ಹೇಳಿ ಒಯ್ದಿದ್ದರು. ಮರುವಾರ ಬಂದದ್ದು ಚಕ್ರಗಳ ಗಂಟು.

ಹೇಳು ಅವ್ವ, ಹೇಳು, ಎಂದು ನೀಲಾಂಬಿಕಾ ಒಳಗೊಳಗೇ ಹಲ್ಲು ಕಚ್ಚಿದಳು. ಹೇಳಲಿ ಎನ್ನುವ ತನಗಾದರೂ ಬಾಯಿ ಎಲ್ಲಿತ್ತು? ಗುಲ್ಬರ್ಗಾದ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಅವಳ 'ಪ್ರೆಸೆಂಟ್ ಸರ್' ಪಕ್ಕದವಳಿಗೂ ಕೇಳದೆ, ಎದುರಿಗೆ ಕುಳಿತೇ ಎಷ್ಟೋ ದಿನ ಗೈರುಹಾಜರಾದವಳು ಅವಳು.

ಅಷ್ಟರಲ್ಲಿ ಅಪ್ಪ ಶಾಲೆಯಿಂದ ಬಂದರು. ಕರೀ ಕೋಟು, ಬಿಳೀ ಟೋಪಿ, ಹಣೆಯ ಮೇಲೆ ವಿಭೂತಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಹೇಳಿ ಬಂದ ದನಿ ಇನ್ನೂ ಗಂಟಲಲ್ಲಿತ್ತು. ಕಾಲು ತೊಳೆದು ಒಳಗೆ ಬಂದು ಗಂಟು ನೋಡಿದರು, ಅಕ್ಕನ ಮುಖ ನೋಡಿದರು.

"ನಾ ಎಷ್ಟ್ ಹೇಳೀನಿ ಅಕ್ಕ. ಹೆಣ್ಮಕ್ಕಳ ಆಸಿಗೆ ಮದ್ದಿಲ್ಲ. ನನ್ನ ಬಾಯಿ ನೋಯ್ತದ ಹೊರತು ಆಕಿ ಕೇಳಂಗಿಲ್ಲ."

ನೀಲಾಂಬಿಕಾಳ ಕಿವಿ ಕಾದವು. ದೀಪಾವಳಿಗೆ ಮುಂಚೆ ಒಂದು ದಿನ ಅಪ್ಪ ಬುತ್ತಿ ಮರೆತು ಹೋಗಿದ್ದರು. ಶಾಲೆಯಲ್ಲಿ ಅವರಿರಲಿಲ್ಲ. ಹುಡುಕುತ್ತ ಹೋದವಳಿಗೆ ಗೋದಾಮಿನ ಕಂಬದ ಮರೆಯಲ್ಲಿ ಕಂಡರು. ಅವರು ಕೊಡೆಯ ತುದಿ ಎತ್ತಿದಾಗಲೆಲ್ಲ ಮುಂದೆ ನಿಂತ ಮಜೀದಸಾಬ "ಭಾಗಮ್ಮ! ಭಾಗಮ್ಮ!" ಎಂದು ಕೂಗು ಏರಿಸುತ್ತಿದ್ದ. ಹಮಾಲರು, ಬೀಡಿ ಸೇದುತ್ತಿದ್ದ ವ್ಯಾಪಾರಿಗಳು, ಆ ಗಂಡಸರ ಸಂತೆಯಲ್ಲಿ ಅವ್ವನ ಹೆಸರು ಚೆಂಡಿನಂತೆ ಹಾರಾಡುತ್ತಿತ್ತು. "ಭಾಗಮ್ಮ ಬಿಡಂಗಿಲ್ಲಪೋ, ಗಂಡನ್ನ ಒತ್ತಿ ಇಟ್ಟಾದ್ರೂ ಒಯ್ತಾಳ!" ಎಂದ ಯಾರೋ. ಎಲ್ಲರೂ ನಕ್ಕರು. ಕಂಬದ ಮರೆಯಲ್ಲಿ ಅಪ್ಪನೂ ನಕ್ಕರು. ಹೆಡ್‌ಮಾಸ್ತರರು ಹರಾಜಿನಲ್ಲಿ ಕೂಗಿದರೆ ಮರ್ಯಾದೆ ಹೋಗುತ್ತದೆ. ಹೆಂಡತಿಯ ಹೆಸರು ಹೋದರೆ ಏನೂ ಹೋಗುವುದಿಲ್ಲ. ಬುತ್ತಿಯನ್ನು ಅವಳು ಹಾಗೇ ಮನೆಗೆ ತಂದಿದ್ದಳು. ಆ ನಗೆಯನ್ನು ಡೈರಿಯಲ್ಲಿ ಬರೆಯಲು ಕೂತರೆ ಪೆನ್ನಿನ ನಿಬ್ಬು ಹಾಳೆ ಹರಿಯುತ್ತಿತ್ತು.

"ಇದು ರೋಗ," ಅತ್ತಿ ತೀರ್ಪು ಕೊಟ್ಟಳು. "ಭಾಗಮ್ಮ, ಸಂಜಿ ಗಾಡಿಗೆ ನನ್ನ ಕೂಡ ನಡಿ. ಈ ಚಟ ಬಿಡೋತನಕ ಸೇಡಮದಾಗ ನನ್ನ ಕಣ್ಣ ಮುಂದ ಇರು. ಮನಿ ಕೀಲಿಕೈ ತಮ್ಮನ ಕೈಯಾಗ ಕೊಡು."

ಅಪ್ಪ ಬೇಡವೆನ್ನುತ್ತಾರೆ ಎಂದುಕೊಂಡಳು ನೀಲಾಂಬಿಕಾ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಹೆಂಡತಿಗಾಗಿ ಇಷ್ಟಾದರೂ ಎನ್ನಬಾರದೇ?

"ಅಕ್ಕ ಹೇಳೂದು ಬರೋಬ್ಬರಿ ಅದ," ಎಂದು ಅಪ್ಪ ಕೀಲಿಕೈಗೆ ಕೈ ಚಾಚಿದರು. ಇನ್ನೊಂದು ಕೈ ಗಂಟಿನ ಮೂಲೆಗಳನ್ನು ಒತ್ತೊತ್ತಿ ನೋಡುತ್ತಿತ್ತು.

ಅವ್ವ ಸೊಂಟದ ಕೀಲಿಕೈ ಬಿಚ್ಚಿ ಕೊಟ್ಟು ಒಳಗೆ ಹೋದಳು. ನೀಲಾಂಬಿಕಾ ಹಿಂದೆಯೇ ಹೋದಳು. ತೇಪೆ ಹಾಕಿದ ಎರಡು ಸೀರೆ ಮಡಚಿ ಅವ್ವ ಕೈಚೀಲಕ್ಕೆ ತುರುಕುತ್ತಿದ್ದಳು.

"ಯಾಕ ಸುಮ್ನ ಇದ್ದಿ ಅವ್ವ?" ಪಿಸುಗುಟ್ಟಿದಳು.

"ಓಣಿ ತುಂಬ ಅವರಿಗಿ ಶರಣ್ರೀ ಮಾಸ್ತರ್ರೇ ಅಂತಾರ. ಅದು ಹೋದ್ರ ಅವರು ಉಳಿಯಂಗಿಲ್ಲ. ನಂದೇನವ, ಇಲ್ಲೂ ರೊಟ್ಟಿ ಬಡಿಯೂದು, ಅಲ್ಲೂ ರೊಟ್ಟಿ ಬಡಿಯೂದು."

"ಅಲ್ಲಿ ನಿನಗ ಕಳ್ಳರನ್ನ ನೋಡಿದಂಗ ನೋಡ್ತಾರ."

"ನೋಡ್ಲಿ." ಅವ್ವ ಚೀಲದ ಬಾಯಿ ಬಿಗಿದಳು. "ನೀ ನಡಕ ಬಾಯಿ ಹಾಕಬ್ಯಾಡ."

ಅವ್ವನ ಮೇಲೆ ಬಂದ ಸಿಟ್ಟು ಅಪ್ಪನ ಮೇಲಿನದಕ್ಕಿಂತ ಕಡಿಮೆ ಇರಲಿಲ್ಲ. ಸುಮ್ಮನಿರುವುದನ್ನು ತನಗೆ ಹಾಲಿನ ಜೊತೆ ಕುಡಿಸಿದವಳು ಇವಳೇ. ನಾಳೆ ತನ್ನ ಹೆಸರನ್ನೂ ಯಾರಾದರೂ ಹೀಗೆ ಗೋದಾಮಿನಲ್ಲಿ ಕೂಗಿಸಿದರೆ ತಾನೂ ಸೀರೆ ಮಡಚಿ ಹೊರಡುವವಳೇ?

ಸ್ಟೇಷನ್ನಿಗೆ ಅತ್ತಿಯ ಟ್ರಂಕು ಒಯ್ಯಲು ಮಜೀದಸಾಬ ಮತ್ತೆ ಬಂದು, ಅದನ್ನು ಹೆಗಲಿಗೇರಿಸಿ ಅಂಗಳದಲ್ಲಿ ನಿಂತ. ಅತ್ತಿ ಮುಂದೆ ಇಳಿದಳು. ಅವ್ವ ಹೊಸ್ತಿಲು ದಾಟಿ ಚಪ್ಪಲಿಯಲ್ಲಿ ಕಾಲಿಟ್ಟಳು. ಅಪ್ಪ ಕೋಟಿನ ಕಿಸೆಗೆ ಕೀಲಿಕೈ ಇಳಿಸಿ, "ಹುಷಾರ್ ಇರು. ಅಕ್ಕನ ಮಾತು ಮೀರಬ್ಯಾಡ," ಎಂದು ಶಾಲೆಯ ಹುಡುಗಿಗೆ ಹೇಳುವಂತೆ ಹೇಳಿದರು.

"ಅಪ್ಪ."

ಆ ದನಿ ಎಲ್ಲಿಂದ ಬಂತೆಂದು ಅತ್ತಿ ಓಣಿಯ ಕಡೆ ನೋಡಿದಳು. ನೀಲಾಂಬಿಕಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ದನಿ ನಡುಗಲಿಲ್ಲ.

"ಅವ್ವ ಹರಾಜಿಗಿ ಎಂದೂ ಹೋಗಿಲ್ಲ. ಅವ್ವನ ಹೆಸರ್ಲೆ ಕೂಗಸೋರು ನೀವು."

ಅತ್ತಿ ಮಜೀದಸಾಬನತ್ತ ತಿರುಗಿದಳು. ಅವನು ಹೆಗಲ ಮೇಲಿನ ಟ್ರಂಕನ್ನು ಮೆಲ್ಲಗೆ ಕೆಳಗಿಟ್ಟು ನೆಲ ನೋಡಿದ. ಅವ್ವ ಚಪ್ಪಲಿಯಿಂದ ಕಾಲು ಹಿಂದಕ್ಕೆ ತೆಗೆದಳು.