ಕ್ಯಾರವಾನಿನ ಬಾಲಕ್ಕೊಂದು ಕಡಿವಾಣ

ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ ಕೂತು ನಾನು ಬರೆಯುವ ಬ್ರೇಕ್ ಸಾಫ್ಟ್‌ವೇರ್ ಇಲ್ಲದಿದ್ದರೆ ಅರ್ಧ ಯುರೋಪು ಇಷ್ಟು ಹೊತ್ತಿಗೆ ಮುಂದಿನ ಗಾಡಿಯ ಡಿಕ್ಕಿಯೊಳಗೆ ಇರುತ್ತಿತ್ತು. ಉಳಿದರ್ಧ ಬದುಕಿರುವುದು ನನ್ನ ಹೋದ ವರ್ಷದ ವರ್ಷನ್‌ನಿಂದ. ಇಂಥ ನನಗೆ, ಮೈಸೂರು ಸರಸ್ವತಿಪುರಂನ ಯತಿರಾಜನಿಗೆ, ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಒಂದು ಕ್ಯಾರವಾನ್, ಸಂಭಾಳಿಸಲು ಬರುವುದಿಲ್ಲ ಎಂದು ಒಬ್ಬರಲ್ಲ, ಮೂವರು ಹೇಳಿದರು.

ಮೊದಲು ಹೇಳಿದವಳು ಹೆಂಡತಿ ಭೂಮಿಕಾ. ಅವಳಿಗೆ ಕಾರಣವೂ ಇತ್ತು, ಒಪ್ಪುತ್ತೇನೆ. ಆಗಸ್ಟಿನಲ್ಲಿ ಬೋಡೆನ್‌ಸೀ ಸರೋವರದಿಂದ ವಾಪಸು ಬರುವಾಗ ಒಂದು ಟೂರಿಸ್ಟ್ ಬಸ್ಸು ನಮ್ಮನ್ನು ಹಿಂದೆ ಹಾಕಿತು. ಬಸ್ಸೆಂದರೆ ಬಸ್ಸಲ್ಲ, ಚಕ್ರ ಹಚ್ಚಿಕೊಂಡ ಇಡೀ ಓಣಿ. ಅದು ಪಕ್ಕದಲ್ಲಿ ಹಾಯ್ದಾಗ ಎದ್ದ ಗಾಳಿಗೆ ನಮ್ಮ ಕ್ಯಾರವಾನ್ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಆಮೇಲೆ ಸ್ನಾನ ಮಾಡಿಸಿದ ನಾಯಿ ಮೈ ಒದರಿದ ಹಾಗೆ ಒದರಲು ಶುರುಮಾಡಿ ಮುಂದಿದ್ದ ಕಾರನ್ನೂ ತನ್ನ ಜೊತೆ ಕುಣಿಸಿತು. ನನ್ನನ್ನು ಬಿಟ್ಟು ಇನ್ಯಾರು ಸ್ಟಿಯರಿಂಗ್ ಹಿಡಿದಿದ್ದರೂ ನಾವು ಆಸ್ಟ್ರಿಯಾದಲ್ಲಿ ಹೋಗಿ ಬೀಳುತ್ತಿದ್ದೆವು.

ಮನೆ ತಲುಪುವ ತನಕ ಭೂಮಿಕಾ ಫೋನಿನಲ್ಲಿ ಏನೋ ಟೈಪ್ ಮಾಡುತ್ತಿದ್ದಳು. ತಲುಪಿದ ಮೇಲೆ ಫೋನು ತೋರಿಸಿದಳು. ಕ್ಯಾರವಾನ್ ಮಾರಾಟಕ್ಕಿದೆ ಎಂಬ ಜಾಹೀರಾತು, ಐದು ಫೋಟೋ ಸಮೇತ.

"ಇನ್ನೊಂದೇ ಒಂದು ಸಲ ಅಲ್ಲಾಡ್ಲಿ ಯತಿ. ಬಟನ್ ಒತ್ತೋದಷ್ಟೇ ಬಾಕಿ."

ಕ್ಯಾರವಾನಿಗೆ ಹದಿನೇಳು ವರ್ಷ, ಒಳಗೆ ಹಳೇ ಕಾಫಿಯ ವಾಸನೆ, ಕಿಟಕಿಯ ರಬ್ಬರು ಬಿರಿದಿದೆ. ಆದರೂ ಈ ದೇಶದಲ್ಲಿ ಗೋಡೆಗೊಂದು ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಡದ ನನ್ನ ಏಕೈಕ ಮನೆ ಅದು. ನಾವಿರುವ ಫ್ಲಾಟಿನಲ್ಲಿ ಒಗ್ಗರಣೆ ಹಾಕಿದರೆ ಮೆಟ್ಟಿಲ ಬಳಿ ದೂರಿನ ಚೀಟಿ ಅಂಟಿಸುತ್ತಾರೆ. ಅದಕ್ಕೂ ಮುಂಚೆ ಹನ್ನೊಂದು ಮನೆ ಮಾಲೀಕರು ಹೆಸರು ಕೇಳಿಯೇ ಫೋನಿಟ್ಟಿದ್ದರು. ಕ್ಯಾರವಾನಿನಲ್ಲಿ ನಾನು ಬೆಳ್ಳುಳ್ಳಿ ಹುರಿದಿದ್ದೇನೆ, ಹನ್ನೆರಡು ಮೊಳೆ ಹೊಡೆದಿದ್ದೇನೆ. ಅದರಲ್ಲಿ ಒಂಬತ್ತಕ್ಕೆ ಏನೂ ನೇತುಹಾಕಿಲ್ಲ. ಹೊಡೆಯಬಹುದು ಎಂದು ಹೊಡೆದದ್ದು. ಅದನ್ನು ಮಾರುವುದೇ?

"ಅಲ್ಲಾಡಲ್ಲ," ಎಂದೆ. "ನಾನೇ ಕೈಯಾರೆ ಅದರ ಬಾಲ ಕಟ್ತೀನಿ, ನೋಡ್ತಿರು."

ಎರಡನೆಯವನು ಇಂಗೋಲ್‌ಸ್ಟಾಟ್‌ನಲ್ಲಿರುವ ಹುಬ್ಬಳ್ಳಿಯ ಗೆಳೆಯ ಫಾರೂಖ್. "ಸುಮ್ನ ವರ್ಕ್‌ಶಾಪಿಗೆ ಕೊಡಲೇ. ನಿನಗ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚಾಕ ಬರಂಗಿಲ್ಲ," ಅಂದ. ಮೂರನೆಯವರು ಕೆಳಮನೆಯ ಹೆರ್ ಬ್ಯೂರ್ಕ್ಲೆ, ನಿವೃತ್ತ ಲೇತ್ ಮೆಕ್ಯಾನಿಕ್. ಇದಕ್ಕೆಲ್ಲ ಮೈಸ್ಟರ್ ಬೇಕು, ಸರ್ಟಿಫಿಕೇಟ್ ಇರುವ ಕುಶಲಕರ್ಮಿ, ಎಂದರು. ನನ್ನ ಹತ್ತಿರ ಎಂ.ಟೆಕ್ ಇದೆ ಎಂದೆ. ಅವರು ಪಾಪ, ಸಮಾಧಾನ ಹೇಳುವವರ ಹಾಗೆ ತಲೆಯಾಡಿಸಿದರು. ಅಲ್ಲಿಗೆ ನನ್ನ ಹಠ ಕಲ್ಲಾಯಿತು.

ಬಾಲ ಕಟ್ಟಲು ಎರಡು ದಾರಿಗಳಿದ್ದವು. ಒಂದು, ಚಕ್ರದ ಅಚ್ಚಿನ ಹತ್ತಿರ ಕೂರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಕ್ಯಾರವಾನ್ ಅಲ್ಲಾಡುವುದು ಗೊತ್ತಾದ ಕೂಡಲೇ ಅದರ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಇನ್ನೊಂದು, ಬಾಲ ಅಲ್ಲಾಡಿಸಲು ಬಿಡದ ಕೊಂಡಿ. ಕಾರಿನ ಹಿಂದೆ ಮುಷ್ಟಿಯಷ್ಟು ಕಬ್ಬಿಣದ ಗುಂಡು ಇರುತ್ತದಲ್ಲ, ಅದರ ಮೇಲೆ ಕೂರುವ ಈ ಕೊಂಡಿಯೊಳಗೆ ಬ್ರೇಕ್ ಪ್ಯಾಡಿನಂಥ ಪ್ಯಾಡುಗಳಿವೆ. ಹಿಡಿಯನ್ನು ಒತ್ತಿದರೆ ಅವು ಗುಂಡನ್ನು ಗಪ್ಪನೆ ಅದುಮಿ ಹಿಡಿಯುತ್ತವೆ. ತಿರುವಿನಲ್ಲಿ ತಿರುಗಲು ಬಿಡುತ್ತವೆ, ಸುಮ್ಮಸುಮ್ಮನೆ ಕುಣಿಯಲು ಬಿಡುವುದಿಲ್ಲ.

ಎಲೆಕ್ಟ್ರಾನಿಕ್ಸ್‌ನವನು ಪೆಟ್ಟಿಗೆಯನ್ನೇ ಕೊಳ್ಳುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ನಾನು ಕೊಂಡಿಯನ್ನು ಕೊಂಡೆ. ಪೆಟ್ಟಿಗೆ ಕಣ್ಣು ಬಿಡುವುದು ಕ್ಯಾರವಾನ್ ಅಲ್ಲಾಡಿದ ಮೇಲೆ. ಅಷ್ಟರಲ್ಲಿ ಭೂಮಿಕಾಳ ಬೆರಳು ಬಟನ್ನಿನ ಮೇಲೆ ಇರುತ್ತದೆ.

ಸೆಪ್ಟೆಂಬರಿನ ಒಂದು ಶನಿವಾರ ಕೆಲಸಕ್ಕೆ ಕೂತೆ. ಇಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ, ಸುತ್ತಿಗೆ ಎತ್ತಿದರೆ ಪೊಲೀಸರು ಬರುತ್ತಾರೆ, ಇಲ್ಲವಾದರೆ ಭಾನುವಾರವೇ ಕೂರುತ್ತಿದ್ದೆ. ಎರಡು ಬೋಲ್ಟು ಬಿಚ್ಚಿ ಹಳೇ ಕೊಂಡಿಯನ್ನು ಎಳೆದರೆ ಹದಿನೇಳು ವರ್ಷದ ತುಕ್ಕು ಬಿಡಲೊಲ್ಲದು. ಭೀಮ ಬಂದಿದ್ದರೂ ಅರ್ಧಕ್ಕೆ ಬಿಟ್ಟು ಊಟಕ್ಕೆ ಏಳುತ್ತಿದ್ದ. ನಾನು ಏಳಲಿಲ್ಲ. ಹೊಸ ಕೊಂಡಿ, ಹೊಸ ಬೋಲ್ಟು, ಹೊಸ ನಟ್ಟು. ಪುಸ್ತಕದಲ್ಲಿ ಎಷ್ಟು ಬಿಗಿ ಅಂದಿದೆಯೋ ಅಷ್ಟಕ್ಕೆ ಸ್ಪ್ಯಾನರ್ 'ಟಕ್' ಅನ್ನುವ ತನಕ ಬಿಗಿದೆ. ಹಿಂಬದಿಯ ಕಪಾಟಿನಲ್ಲಿದ್ದ ಹತ್ತು ಕಿಲೋ ಅಕ್ಕಿ, ಮಿಕ್ಸಿ, ಕುಕ್ಕರ್ ಎಲ್ಲವನ್ನೂ, ಬಾಲದ ಭಾರ ಇಳಿಯಲೆಂದು, ತಂದು ಅಚ್ಚಿನ ನೇರಕ್ಕೆ ನೆಲದ ಮೇಲಿಟ್ಟೆ. ಬಚ್ಚಲಿನ ತೂಕದ ಯಂತ್ರವನ್ನು ಕೊಂಡಿಯ ಕೆಳಗಿಟ್ಟು ಮೂತಿಯ ಭಾರ ನೋಡಿದೆ.

ಪುಸ್ತಕದ ಮೊದಲ ಪುಟದಲ್ಲಿ ಕೆಂಪಕ್ಷರದಲ್ಲಿ ಒಂದು ಎಚ್ಚರಿಕೆಯಿತ್ತು: ಗುಂಡಿನ ಮೇಲೆ ಬಣ್ಣವಾಗಲಿ ಗ್ರೀಸಾಗಲಿ ಇರಕೂಡದು, ಜಾರಿದರೆ ಪ್ಯಾಡು ಹಿಡಿಯುವುದಿಲ್ಲ. ಓದಿದೆ. ಹಳೇ ಗ್ರೀಸನ್ನು ಬ್ರೇಕ್ ಕ್ಲೀನರ್ ಹೊಡೆದು, ಮರಳು ಕಾಗದ ತಿಕ್ಕಿ, ಅದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದು ಅನ್ನುವಷ್ಟು ಹೊಳೆಸಿದೆ. ಬ್ಯೂರ್ಕ್ಲೆ ಬಗ್ಗಿ ನೋಡಿ ಏನೂ ಅನ್ನಲಿಲ್ಲ. ಈ ಸೀಮೆಯ ಜರ್ಮನ್ನರು, ಸ್ವಾಬಿಯಾದವರು, ಏನೂ ಅನ್ನದಿದ್ದರೆ ಅದು ಸನ್ಮಾನ, ಶಾಲು ಹೊದಿಸಿದಷ್ಟೇ ಲೆಕ್ಕ.

ಅಕ್ಟೋಬರ್ ಒಂದಕ್ಕೆ ಆಯುಧಪೂಜೆ. ಮೈಸೂರಿನವನು ಆವತ್ತು ಕಬ್ಬಿಣ ಕಂಡರೆ ಬಿಡುವುದಿಲ್ಲ. ಲ್ಯಾಪ್‌ಟಾಪು, ಸೈಕಲ್ಲು, ಕಾರು ಆದ ಮೇಲೆ ಕೊಂಡಿಯ ಹತ್ತಿರ ಬಂದೆ. ವಿಡಿಯೋ ಕಾಲ್‌ನಲ್ಲಿ ಅತ್ತೆ ಕಾಂತಾಮಣಿಯವರು ಮೇಲ್ವಿಚಾರಣೆಗೆ ಕೂತಿದ್ದರು.

"ಅಳಿಯಂದ್ರೆ, ಆ ಗುಂಡಿಗೆ ಕುಂಕುಮ ನಿಲ್ತಿಲ್ಲ ನೋಡಿ. ಉದುರ್ತಾ ಇದೆ."

"ತುಂಬಾ ಪಾಲಿಶ್ ಮಾಡ್ಬಿಟ್ಟಿದೀನಿ ಅತ್ತೆ."

"ಒಂಚೂರು ತುಪ್ಪ ಸವರಿ. ನಿಲ್ಲತ್ತೆ."

ಸವರಿದೆ. ಒಂಚೂರಲ್ಲ, ನಾನು ಯಾವುದನ್ನೂ ಒಂಚೂರು ಮಾಡಿದವನಲ್ಲ. ಅರಿಸಿನ, ಕುಂಕುಮ, ಮೇಲೊಂದು ಸೇವಂತಿಗೆ. ಕುಂಬಳಕಾಯಿ ಸಿಗದೆ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಒಡೆಸಿದೆ. ಗ್ರೀಸು ಬೇಡ ಎಂದು ನನಗೆ ಗೊತ್ತಿತ್ತು. ತುಪ್ಪವೂ ಜಾರುತ್ತದೆ ಎಂಬುದು ಎಂ.ಟೆಕ್ ಮಾಡಿದ ತಲೆಗೆ ಹೊಳೆಯಲೇ ಇಲ್ಲ. ತುಪ್ಪ ದೇವರದ್ದು ನೋಡಿ.

ಮಾರನೆಯ ದಿನ ವಿಜಯದಶಮಿ, ಗುರುವಾರ. ಶುಕ್ರವಾರ ಇಡೀ ಜರ್ಮನಿಗೇ ರಜೆ. ಫಾರೂಖ್ ಸಂಸಾರದ ಜೊತೆ ಮೂರು ದಿನ ಕೆರೆ ದಂಡೆಯಲ್ಲಿ ಇರುವುದೆಂದು ಮಧ್ಯಾಹ್ನವೇ ಹೊರಟೆವು. ಸೇವಂತಿಗೆ ಪಕ್ಕಕ್ಕಿಟ್ಟು ಕೊಂಡಿ ಕೂರಿಸಿದೆ, ಹಿಡಿ ಒತ್ತಿದೆ, ಸರಿಯಾಗಿ ಕೂತಿದೆ ಎಂಬ ಹಸಿರು ಗುರುತು ಬಂತು. ಎ-ಸಿಕ್ಸ್ ಹೆದ್ದಾರಿ ಹತ್ತಿದ ಮೇಲೆ ಎಂಬತ್ತರಲ್ಲಿ ಹೋಗುತ್ತಿದ್ದೆ. ರಜೆಗೆ ಮುಂಚೆ ಸರಕು ಮುಟ್ಟಿಸಲು ಜಗತ್ತಿನ ಲಾರಿಗಳೆಲ್ಲ ಅದೇ ರಸ್ತೆಗೆ ಬಂದಿದ್ದವು. ಇಳಿಜಾರಿನಲ್ಲಿ ಒಂದು ನಮ್ಮನ್ನು ದಾಟಿತು. ಕ್ಯಾರವಾನ್ ಎಡಕ್ಕೆ ವಾಲಿತು. ಆಮೇಲೆ ಬಲಕ್ಕೆ.

"ಪಾಪಾ, ಎಸ್ ವಾಕೆಲ್ಟ್," ಅಂದಳು ಹಿಂದಿನ ಸೀಟಿನಿಂದ ಎಂಟು ವರ್ಷದ ಮಗಳು ಪವಿ. ಅಲ್ಲಾಡುತ್ತಿದೆ ಎಂದು. ಕಹಿ ಸತ್ಯ ಹೇಳುವಾಗ ಅವಳ ಬಾಯಿಗೆ ಜರ್ಮನ್ನೇ ಬರುತ್ತದೆ.

ವೇಗ ಇಳಿಸಿ, ತಡವರಿಸುತ್ತ ಮುಂದಿನ ಪಾರ್ಕಿಂಗ್‌ಗೆ ಹೊಕ್ಕೆ. ಭೂಮಿಕಾ ಆಗಲೇ ಫೋನು ತೆಗೆದಿದ್ದಳು.

"ಒಂದು ಸಲ ಅಂದಿದ್ದೆ ಯತಿ."

"ಒಂದು ನಿಮಿಷ. ಬಿಚ್ಚಿ ನೋಡ್ತೀನಿ. ಆಮೇಲೆ ಒತ್ತು."

ಕೊಂಡಿ ಎತ್ತಿದೆ. ಗುಂಡೆಲ್ಲ ಕೆಂಪು ರಾಡಿ. ತಿಕ್ಕಾಟದ ಬಿಸಿಗೆ ತುಪ್ಪ ಕರಗಿ ಪ್ಯಾಡುಗಳು ಕುಡಿದುಬಿಟ್ಟಿದ್ದವು. ಎ-ಸಿಕ್ಸ್‌ನ ಆ ಪಾರ್ಕಿಂಗ್ ತುಂಬ ಮೈಸೂರು ಪಾಕಿನ ವಾಸನೆ. ಇಬ್ಬರು ಪೋಲೆಂಡಿನ ಡ್ರೈವರುಗಳು ಮೂಗರಳಿಸಿ ಹತ್ತಿರ ಬಂದರು.

ಫಾರೂಖ್‌ಗೆ ಫೋನ್ ಮಾಡಿದೆ. ವಿಷಯ ಕೇಳಿ ಅವನು ಎಷ್ಟು ಹೊತ್ತು ನಕ್ಕನೆಂದರೆ ನನ್ನ ಬ್ಯಾಟರಿ ಎರಡು ಗೆರೆ ಇಳಿಯಿತು.

"ಬ್ರೇಕಿನ ಮ್ಯಾಲೆ ಹೊಟ್ಟಿ ಹೊರಿಯೋ ಮನಶಾ, ಪ್ಯಾಡಿಗೆ ತುಪ್ಪ ಹಚ್ಚೀಯೇನಲೇ?"

"ಪ್ಯಾಡಿಗಲ್ಲ, ಗುಂಡಿಗೆ."

"ದೊಡ್ಡ ಫರಕ್ ಆತು ಬಿಡು."

"ಫಾರೂಖ್, ನಾಳೆ ಅಂಗಡಿ ಇಲ್ಲ. ಒಂದು ಸೆಟ್ ಪ್ಯಾಡ್ ತರ್ತೀಯಾ ಇಲ್ವಾ?"

"ತರ್ತೀನಿ. ಆದ್ರ ಹಾಕಾವ ನಾನು."

"ಹಾಕೋನು ನಾನು. ಗಾಡಿ ನಂದು, ತುಪ್ಪಾನೂ ನಂದು."

ಫೋನಿಟ್ಟು ತಿರುಗಿದರೆ ಭೂಮಿಕಾ ನಿಂತಿದ್ದಳು, ಹೆಬ್ಬೆರಳು ಬಟನ್ನಿನ ಮೇಲೆ.

"ನೋಡು," ಎಂದೆ. "ಇವತ್ತು ಅಲ್ಲಾಡಿಸಿದ್ದು ತುಪ್ಪ. ಕೊಂಡಿ ಇನ್ನೂ ಪರೀಕ್ಷೆಗೇ ಕೂತಿಲ್ಲ."

"ಲಾಯರ್ ಥರ ಮಾತಾಡ್ಬೇಡ."

"ತಪ್ಪು ನಂದು. ಗಾಡಿದಲ್ಲ. ನನ್ನ ತಪ್ಪಿಗೆ ಅದನ್ನ ಮಾರೋ ಹಾಗಿದ್ರೆ ಮಾರು, ಆದರೆ ಪ್ಯಾಡ್ ಹಾಕಿ ಸರಿ ಮಾಡದೆ ನಾನಿಲ್ಲಿಂದ ಕದಲಲ್ಲ. ಕೆಟ್ಟ ಗಾಡಿ ಅಂತ ಅದು ಹೋಗಬಾರದು."

ಇಂಥ ಮಾತು ನನ್ನ ಬಾಯಿಂದ ಬಂದದ್ದು ನಲವತ್ತೊಂದು ವರ್ಷದಲ್ಲಿ ಅದೇ ಮೊದಲು. ಭೂಮಿಕಾ ನನ್ನನ್ನು ನೋಡಿದಳು, ಕೊಂಡಿಯನ್ನು ನೋಡಿದಳು.

"ಸರಿ ಮಾಡು. ಓಡಿಸೋಳು ನಾನು. ನನ್ನ ಕೈಯಲ್ಲಿ ಅಲ್ಲಾಡಿದ್ರೆ ಅಲ್ಲೇ ಒತ್ತಿಸ್ತೀನಿ. ನಿನ್ನ ಬೆರಳಿಂದಾನೇ."

ಫಾರೂಖ್ ಐದೂವರೆಗೆ ಬಂದ. ನೂರು ಕಿಲೋಮೀಟರು ಬಂದವನು ಪ್ಯಾಡಿನ ಪೊಟ್ಟಣ ಕೊಡುವ ಮೊದಲು ಗುಂಡನ್ನು ಮೂಸಿ ನೋಡಿದ. ಹಳೇ ಪ್ಯಾಡು ಬಡಿದು ತೆಗೆದೆ. ಕೊಂಡಿಯ ಒಳಗೂ ಗುಂಡಿನ ಮೇಲೂ ಒಂದಿಡೀ ಡಬ್ಬಿ ಕ್ಲೀನರ್ ಸುರಿದೆ. ಬಿಳೀ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಒರೆಸಿದೆ. ಹೊಸ ಪ್ಯಾಡು ಕೂರಿಸಿ ಹಿಡಿ ಒತ್ತಿದೆ. ಫಾರೂಖ್ ಎರಡು ಸಲ ಕೈ ಚಾಚಿದ, ಎರಡು ಸಲವೂ ಕೈ ತಳ್ಳಿದೆ.

ಭೂಮಿಕಾ ಸ್ಟಿಯರಿಂಗ್ ಹಿಡಿದಳು. ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಅವಳ ಫೋನು, ಅದರ ತುಂಬ ಆ ಜಾಹೀರಾತು. ಎಂಬತ್ತಕ್ಕೆ ಬಂದಳು. ಕನ್ನಡಿಯಲ್ಲಿ ಒಂದು ಟ್ಯಾಂಕರ್ ದೊಡ್ಡದಾಗುತ್ತ ಬಂತು. ಸುಳ್ಳು ಹೇಳುವುದಿಲ್ಲ, ಹೇಳಿದರೂ ಇಲ್ಲಿ ಹೇಳುವುದಿಲ್ಲ: ನನ್ನ ಬೆರಳುಗಳನ್ನು ತೊಡೆಯ ಕೆಳಗೆ ಅಡಗಿಸಿಟ್ಟೆ. ಟ್ಯಾಂಕರ್ ಪಕ್ಕಕ್ಕೆ ಬಂತು, ಗಾಳಿ ಗುದ್ದಿತು, ದಾಟಿ ಹೋಯಿತು. ಹಿಂದೆ ಕ್ಯಾರವಾನ್ ಒಂದು ಸಲ ಮೈ ಬಿಗಿಹಿಡಿದು ಸುಮ್ಮನಾಯಿತು. ಎರಡನೇ ಲಾರಿ. ಸುಮ್ಮನೆ. ಮೂರನೆಯದಕ್ಕೆ ಭೂಮಿಕಾ ಕನ್ನಡಿಯನ್ನೇ ನೋಡಲಿಲ್ಲ.

"ಅಳಿಸು," ಅಂದಳು.

"ಏನು?"

"ಫೋನಲ್ಲಿರೋದು. ರಾತ್ರಿ ಒಳಗೆ ಮನಸ್ಸು ಬದಲಾಯಿಸ್ತೀನಿ, ಬೇಗ ಅಳಿಸು."

ಅಳಿಸಿದೆ. ಐದು ಫೋಟೋಗಳನ್ನು ಮಾತ್ರ ನನ್ನ ಫೋನಿಗೆ ಕಳಿಸಿಕೊಂಡೆ, ಚೆನ್ನಾಗಿ ಬಂದಿದ್ದವು.

ಕೆರೆ ದಂಡೆಗೆ ಬಂದು ನಿಂತ ಮೇಲೆ ನಾನು ಕುಂಕುಮದ ಭರಣಿ ತೆಗೆದೆ. ಫಾರೂಖ್ ತಲೆ ಚಚ್ಚಿಕೊಂಡ.

"ಮತ್ತ ಸುರು ಮಾಡಿದೇನಪಾ?"

"ಪೂಜೆ ಬಿಡಲ್ಲ ಫಾರೂಖ್. ಜಾಗ ಬದಲಾಯಿಸ್ತೀನಿ, ಅಷ್ಟೇ."

ಹಿಡಿಯ ಮೇಲೆ, ಗುಂಡಿಗೆ ಎರಡು ಗೇಣು ದೂರದಲ್ಲಿ, ಒಣ ಕುಂಕುಮ ಇಟ್ಟೆ. ಉದುರಿತು. ಇನ್ನೊಮ್ಮೆ ಇಟ್ಟೆ, ಇನ್ನೊಮ್ಮೆ ಉದುರಿತು. ಸುತ್ತ ನೋಡಿದೆ. ತುಪ್ಪದ ಬಾಟಲಿ ಭೂಮಿಕಾಳ ಕೈಯಲ್ಲಿತ್ತು, ಮುಚ್ಚಳ ಬಿಗಿಯಾಗಿ ಹಾಕಿತ್ತು.

"ನೀರು ಹಚ್ಚು," ಅಂದಳು.