ನೀರು ಬಿದ್ದ ಜಾಗ

"ನಿಧಾನ. ಕೆಳಗೆ ನೋಡಬೇಡ."

"ಇಷ್ಟು ವರ್ಷ ನಿಮ್ಮನ್ನ ಹತ್ತಿಸಿ ಇಳಿಸಿದ್ದು ಯಾರು? ಸುಮ್ನೆ ಏಣಿ ಹಿಡ್ಕೊಳ್ರಿ," ಎನ್ನುತ್ತ ಹೆಂಡತಿ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೇರಿದಳು.

ತಗಡಿನ ಕೆಲಸದವನು ಏಣಿಯನ್ನು ಅವುಚಿ ಹಿಡಿದ. ಸೂರಿನಂಚಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಯುವುದರಲ್ಲೇ ಅವನ ತಲೆ ನೆರೆತಿತ್ತು. ಈಗ ಮಂಡಿ ಕೈಕೊಟ್ಟಿತ್ತು. ಏಣಿ ಮಾರಿಬಿಡೋಣ ಎಂದು ಅವನು, ನಾನೇ ಹತ್ತುತ್ತೇನೆ ಎಂದು ಅವಳು. ಮನೆಯಲ್ಲಿ ವಾರವೆಲ್ಲ ಇದೇ ಜಗಳ. ಕೊನೆಗೆ ಇದೊಂದು ಮನೆ ನೋಡುವುದು, ನೀರು ಗೋಡೆಗಿಳಿದರೆ ಏಣಿ ಮಾರುವುದು ಎಂದು ಒಪ್ಪಂದವಾಗಿತ್ತು.

"ಪಟ್ಟಿ ತುದಿ ಹೊರಕ್ಕೆ ಬಗ್ಗಿಸಿದ್ಯಾ?"

"ಬಗ್ಗಿಸ್ದೆ."

"ಒಂದರ ಮೇಲೊಂದು ಏರಿಸಿ ಕೂರಿಸಿದ್ಯಾ?"

"ಕೂರಿಸ್ದೆ. ಇನ್ನೊಂದ್ಸಲ ಕೇಳಿದ್ರೆ ಸುತ್ತಿಗೆ ಕೈಜಾರತ್ತೆ, ನೋಡಿ."

ಅವನು ಸುತ್ತಿಗೆಯ ಸದ್ದಿಗೆ ಕಿವಿಗೊಟ್ಟ. ಪೆಟ್ಟು ಎಲ್ಲೂ ತಡವರಿಸಲಿಲ್ಲ. ತಪ್ಪು ಹಿಡಿಯಲು ಏನೂ ಸಿಗಲಿಲ್ಲವಲ್ಲ ಎಂದು ತುಸು ಬೇಜಾರೂ ಆಯಿತು.

ಕೆಲಸ ಮುಗಿದ ಮೇಲೆ ಮಾಡಿನ ಮೇಲೊಂದು ಚೊಂಬು ನೀರು ಸುರಿದು ನೋಡುವುದು ಅವನದೇ ಪದ್ಧತಿ. ಪಟ್ಟಿ ಸರಿಯಾಗಿ ಕೂತಿದ್ದರೆ ನೀರು ಅಂಚಿನಿಂದಲೇ ನೇರ ಕೆಳಗೆ ಬೀಳುತ್ತದೆ. ಇಲ್ಲದಿದ್ದರೆ ಸೂರಿನ ಅಡಿಗೆ ಅಂಟಿಕೊಂಡು ಒಳಸರಿದು ಗೋಡೆಗಿಳಿಯುತ್ತದೆ. "ಎಲ್ಲಿ ಬಿತ್ತೇ?" ಎಂದು ಅವನು ಮೇಲಿನಿಂದ ಕೂಗುತ್ತಿದ್ದ. ಏಣಿಯ ಒಳಬದಿಗೆ, ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದ ಅವಳು, "ಸರಿಯಾಗಿ ಬಿತ್ತು," ಎನ್ನುತ್ತಿದ್ದಳು. ಅವಳ ಮಾತು ಒಮ್ಮೆಯೂ ಸುಳ್ಳಾದದ್ದಿಲ್ಲ. ಅಷ್ಟು ಖಂಡಿತವಾಗಿ ಹೇಗೆ ಹೇಳುತ್ತೀಯೆ ಎಂದು ಅವನು ಕೇಳಿರಲಿಲ್ಲ.

ಇಂದು ಆ ಜಾಗದಲ್ಲಿ ಅವನು ನಿಂತಿದ್ದ. ಮೇಲೆ, ಏಣಿಗೆ ತೂಗುಹಾಕಿದ್ದ ಬಕೆಟ್ಟಿನಲ್ಲಿ ಚೊಂಬು ಮುಳುಗಿದ ಸದ್ದಾಯಿತು.

"ಸುರೀತೀನಿ."

"ಹ್ಞೂಂ."

ತಣ್ಣನೆಯ ನೀರು ನೇರ ಅವನ ನೆತ್ತಿಯ ಮೇಲೆ ಬಿತ್ತು. ಹುಬ್ಬು ದಾಟಿ ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಪಕ್ಕಕ್ಕೆ ಸರಿಯಬಹುದಿತ್ತು, ಆದರೆ ಏಣಿ ಬಿಡಬೇಕಾಗುತ್ತಿತ್ತು. ಬೆನ್ನಿಗೆ ತಗುಲಿದ ಗೋಡೆ ಮಾತ್ರ ಒಣಗಿಯೇ ಇತ್ತು, ಬಿಸಿಲಿಗೆ ಬೆಚ್ಚಗೆ.

ಅವನು ಏಣಿ ಇಳಿದಾಗಲೆಲ್ಲ ಅವಳು ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಿದ್ದುದು ಈಗ ನೆನಪಾಯಿತು.

"ಎಲ್ಲಿ ಬಿತ್ರೀ?" ಮೇಲಿನ ದನಿಯಲ್ಲಿ ನಗು ಅಡಗಿತ್ತು.

"ಸರಿಯಾಗಿ ಬಿತ್ತು."

"ನೋಡಿ ಹೇಳ್ತಿದ್ದೀರೋ, ಸುಮ್ನೆ ಹೇಳ್ತಿದ್ದೀರೋ? ಇನ್ನೊಂದು ಚೊಂಬು ಸುರೀಲಾ?"

ಅವನು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡ.

"ಸುರಿ," ಎಂದ.